ಸೊಪ್ಪು, ರಾಗಿಮುದ್ದೆ ತಿಂದರೂ ಹಿಮೋಗ್ಲೋಬಿನ್ 9 ದಾಟುತ್ತಿಲ್ಲ, ಮಾತ್ರೆ ಇಲ್ಲದೆ ಊಟದಲ್ಲೇ ಸರಿಮಾಡಿಕೊಳ್ಳಬಹುದೇ?

9ಕ್ಕೆ ಇಳಿದ ಮೇಲೆ ಊಟವೊಂದನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ, ಕಬ್ಬಿಣದ ಮಾತ್ರೆ ಬೇಕು. ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 8ರಿಂದ 11ರೊಳಗಿನದು ಮಧ್ಯಮ ಪ್ರಮಾಣದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಆಹಾರ ತಜ್ಞೆ. ನಿಮ್ಮ ಹಾಗೆ ದಿನಾ ಸೊಪ್ಪು ತಿಂದೂ ಸುಸ್ತಾಗಿ ಬರುವ ಹೆಂಗಸರನ್ನು ನೋಡುತ್ತಲೇ ಇರುತ್ತೇನೆ. ಅವರು ತಿನ್ನುವುದರಲ್ಲಿ ತಪ್ಪಿರುವುದಿಲ್ಲ. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು, ಆದರೆ ತಟ್ಟೆಯಲ್ಲಿರುವ ಕಬ್ಬಿಣ ಬೇರೆ, ರಕ್ತಕ್ಕೆ ಸೇರುವ ಕಬ್ಬಿಣ ಬೇರೆ.

ದೇಹಕ್ಕೆ ದಿನಕ್ಕೆ ನಿಜವಾಗಿ ಬೇಕಾದದ್ದು ಒಂದೆರಡು ಮಿಲಿಗ್ರಾಂ ಕಬ್ಬಿಣ. ಹಾಗಿದ್ದೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎಂದು 2020ರಲ್ಲಿ ಹೇಳಿದೆ. ಕಾರಣ ಇಷ್ಟೇ: ಕಾಳು, ಧಾನ್ಯ, ಸೊಪ್ಪಿನಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲು ಒಳಗೆ ಸೇರುವುದೂ ಕಷ್ಟ. ರಾಗಿಯನ್ನೇ ನೋಡಿ. 100 ಗ್ರಾಮಿನಲ್ಲಿ ಕಬ್ಬಿಣ 4.6 ಮಿಲಿಗ್ರಾಂ ಆಸುಪಾಸು, ಅದನ್ನೂ ಸಿಪ್ಪೆಯಲ್ಲಿರುವ ಟ್ಯಾನಿನ್ ಮತ್ತು ಫೈಟೇಟ್ ಎಂಬ ಅಂಶಗಳು ಕರುಳಿಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ. ರಾಗಿಯ ದೊಡ್ಡಸ್ತಿಕೆ ಇರುವುದು ಕ್ಯಾಲ್ಸಿಯಂನಲ್ಲಿ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಮೂಳೆಗಾಗಿ ಮುದ್ದೆ ತಿನ್ನಿ, ಖಂಡಿತ ಬಿಡಬೇಡಿ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಾದರೆ ಫೈಟೇಟ್ ಕಡಿಮೆಯಾಗಿ ಕಬ್ಬಿಣವೂ ಸ್ವಲ್ಪ ಹೆಚ್ಚು ದಕ್ಕುತ್ತದೆ. ಕಬ್ಬಿಣಕ್ಕೆ ಹುರುಳಿಕಾಳು ಇನ್ನೂ ವಾಸಿ.

ತಿಂಡಿಯ ಜೊತೆ ಕಾಫಿ, ಮಧ್ಯಾಹ್ನ ಉಂಡ ಕೂಡಲೇ ಟೀ ಎಂದಿದ್ದೀರಿ. ಊಟದಲ್ಲಿ ಏನಾದರೂ ಬದಲಿಸುವುದಿದ್ದರೆ ಮೊದಲು ಇದನ್ನು ಬದಲಿಸಿ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ 39ರಷ್ಟು ಇಳಿದಿತ್ತು, ಟೀ ಕುಡಿದಾಗ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಅಡ್ಡ ಬಂತು! ಹಾಗಾಗಿ ಬೆಳಗ್ಗೆ ಎದ್ದವರೇ ಕಾಫಿ ಕುಡಿದುಬಿಡಿ, ತಿಂಡಿ ಒಂದು ಗಂಟೆ ತಡವಾಗಲಿ. ಮಧ್ಯಾಹ್ನದ ಟೀ ಸಂಜೆಗೆ ಹೋಗಲಿ. ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆ ಒಂದು ಸೀಬೆಹಣ್ಣು ತಿನ್ನಿ. ವಿಟಮಿನ್ ಸಿ ಜೊತೆಗಿದ್ದರೆ ಅದೇ ಸೊಪ್ಪಿನಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಮಾಂಸ, ಮೀನು ತಿನ್ನುವವರಾದರೆ ಅದರ ಕಬ್ಬಿಣ ಸುಲಭವಾಗಿ ಸೇರುತ್ತದೆ.

ಮಾತ್ರೆ ಉಷ್ಣ, ಬೇಡ ಎಂದು ನಿಮ್ಮ ಅತ್ತೆಯವರು ಹೇಳುವುದು ಸುಮ್ಮನೆ ಅಲ್ಲ, ಕೆಲವರಿಗೆ ಹೊಟ್ಟೆ ಉರಿ, ಮಲಬದ್ಧತೆ ಆಗುತ್ತದೆ. ಹಾಗಾದರೆ ಮಾತ್ರೆ ನಿಲ್ಲಿಸದೆ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಹೀರಿಕೆಯನ್ನು ತಗ್ಗಿಸುವುದರಿಂದ, ದಿನ ಬಿಟ್ಟು ನುಂಗಿದ ಮಾತ್ರೆಯಲ್ಲಿ ಹೆಚ್ಚು ಪಾಲು ಒಳಸೇರುತ್ತದೆ. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇವು ಯಾವುದರ ಜೊತೆಗೂ ಕಬ್ಬಿಣದ ಮಾತ್ರೆ ಬೇಡ. ಮಲ ಕಪ್ಪಾದರೆ ಹೆದರಬೇಡಿ. 12 ಮುಟ್ಟಿತೆಂದು ಬಿಡಬೇಡಿ, ದೇಹದಲ್ಲಿ ಖಾಲಿಯಾದ ಕಬ್ಬಿಣದ ದಾಸ್ತಾನು ತುಂಬಲು ಮತ್ತೆ ಸುಮಾರು ಮೂರು ತಿಂಗಳು ಬೇಕು.

ನನಗೆ ಎಲ್ಲಕ್ಕಿಂತ ಚಿಂತೆ ಹತ್ತಿಸಿದ್ದು ನೀವು ಕೊನೆಯಲ್ಲಿ ಬರೆದ ಮಾತು: ಪ್ರತಿ ತಿಂಗಳೂ ಏಳೆಂಟು ದಿನ ಜೋರಾಗಿ ಮುಟ್ಟಾಗುತ್ತದೆ ಎಂದಿದ್ದೀರಿ. ಹಿಮೋಗ್ಲೋಬಿನ್ ಸರಿಯಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳಿಗೆ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಹೋದಂತೆ, ಅಷ್ಟನ್ನು ಸೊಪ್ಪು ತುಂಬಿಕೊಡಲಾರದು. ಎಷ್ಟೋ ಹೆಂಗಸರು ಇದು ಎಲ್ಲರಿಗೂ ಇದ್ದದ್ದೇ ಎಂದು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಗರ್ಭಕೋಶದ ಗಡ್ಡೆ, ಥೈರಾಯ್ಡ್ ಹೀಗೆ ಕಾರಣಗಳಿರಬಹುದು, ಅವಕ್ಕೆ ಚಿಕಿತ್ಸೆಯೂ ಇದೆ. ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಟ್ಟಿ ಹೆಪ್ಪು ಬೀಳುತ್ತದೆಯೇ ಎಂದು ಬರೆದುಕೊಂಡು ಹೋಗಿ. ಜೊತೆಗೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು), ವಿಟಮಿನ್ ಬಿ12 ಪರೀಕ್ಷೆ ಮಾಡಿಸಬೇಕೇ ಎಂದೂ ಕೇಳಿ. ಸರಿಯಾಗಿ ಮಾತ್ರೆ ತೆಗೆದುಕೊಂಡು ತಿಂಗಳಾದರೂ ಹಿಮೋಗ್ಲೋಬಿನ್ ಏರದಿದ್ದರೆ, ವಂಶದಿಂದ ಬರುವ ರಕ್ತದ ತೊಂದರೆಯಾದ ಥಲಸೇಮಿಯಾದ ವಾಹಕರೇ ನೀವು ಎಂಬುದನ್ನೂ ಅವರು ನೋಡಬೇಕಾಗುತ್ತದೆ.