ಕೈಕಟ್ಟಿ ಕೂತವರಿಗೆಲ್ಲ ಕೋಪ ಬಂದಿರುವುದಿಲ್ಲ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಮಾತುಕತೆಯಲ್ಲಿ ಮಾತಿನ ಪಾಲು ಶೇಕಡ 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಮೈಭಾಷೆ ಎಂದು ಎಲ್ಲೋ ಓದಿದಿರಂತೆ. ಅಂದಿನಿಂದ ಕಂಡವರ ಕೈ, ಕಾಲು, ಕಣ್ಣು ನೋಡುವುದೇ ಕೆಲಸವಾಗಿದೆ ಎಂದು ಬರೆದಿದ್ದೀರಿ. ಜೊತೆಗೆ ಕೆಲಸ ಮಾಡುವ ಗೆಳತಿ ಈಚೆಗೆ ನಿಮ್ಮ ಮುಖ ನೋಡಿ ಮಾತಾಡುತ್ತಿಲ್ಲ. ‘ಅವಳು ಏನೋ ಮುಚ್ಚಿಡುತ್ತಿದ್ದಾಳೆ, ಅಲ್ವಾ?’ ಎಂಬುದು ನಿಮ್ಮ ಪ್ರಶ್ನೆ.

ಇರಬಹುದು. ಆದರೆ ಬರೀ ಕಣ್ಣು ನೋಡಿ ಅದನ್ನು ಹೇಳಲು ಬರುವುದಿಲ್ಲ.

ಮೊದಲು ಆ ಶೇಕಡ 7ರ ಕಥೆ. 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಜೊತೆಗಾರರು ಎರಡು ಸಣ್ಣ ಪ್ರಯೋಗಗಳನ್ನು ಪ್ರಕಟಿಸಿದರು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಒಂದರಲ್ಲಿ ಮುಖದ ಫೋಟೋಗಳನ್ನೂ ತೋರಿಸಿದರು. ಹೇಳುವವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಕೇಳುಗರು ಊಹಿಸಬೇಕಿತ್ತು. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿ. ಇದು ಭಾವನೆಯ ವಿಷಯಕ್ಕೆ ಮಾತ್ರ, ಎಲ್ಲ ಮಾತುಕತೆಗೂ ಅಲ್ಲ ಎಂದು ಅವರೇ ಹೇಳಿದ್ದಾರೆ. ಭಾಷಣಕಲೆ ಕಲಿಸುವವರು ಕೇಳಬೇಕಲ್ಲ! ಲೆಕ್ಕ ನಿಜವಾಗಿದ್ದರೆ ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡಿ ಬಂದು ಕಥೆ ಹೇಳಬಹುದಿತ್ತು.

ಹಾಗಂತ ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ‘ಏನಾಯ್ತು?’ ಎಂದು ಮನೆಯವರನ್ನು ಕೇಳುತ್ತೀರಿ. ‘ಏನಿಲ್ಲ’ ಎಂಬ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಕಣ್ಣು ಮೊಬೈಲ್ ಮೇಲೇ ಇದೆ, ಆದರೆ ಅಲ್ಲಿಯವರೆಗೆ ಓಡುತ್ತಿದ್ದ ಬೆರಳು ನಿಂತಿದೆ. ಏನೋ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಏನಿದೆ? ಕೋಪವೋ, ತಲೆನೋವೋ, ಆಗಷ್ಟೇ ಬಂದ ಕೆಟ್ಟ ಸುದ್ದಿಯೋ? ಒಳಗೆ ಕಳವಳ ಇದೆ ಅನ್ನುವಷ್ಟನ್ನು ಮೈ ಹೇಳಿಬಿಡುತ್ತದೆ. ಕಾರಣ ಮಾತ್ರ ನಾವು ಊಹಿಸಿ ಸೇರಿಸಿಕೊಳ್ಳುವುದು. ಜಗಳ ಶುರುವಾಗುವುದು ಆ ಊಹೆಯಿಂದಲೇ.

ಕಣ್ಣು ತಪ್ಪಿಸುವವರು ಸುಳ್ಳು ಹೇಳುತ್ತಾರೆ ಎಂಬ ನಂಬಿಕೆ ಲೋಕದ ತುಂಬ ಇದೆ. ಆದರೆ ಸುಳ್ಳನ್ನು ನಾವು ಎಷ್ಟು ಹಿಡಿಯುತ್ತೇವೆ? ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಕೇಳಿದ್ದು ನಿಜವೋ ಸುಳ್ಳೋ ಎಂದು ಜನ ಸರಿಯಾಗಿ ಗುರುತಿಸಿದ್ದು ಶೇಕಡ 54ರಷ್ಟು ಸಲ. ಸುಮ್ನೆ ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು. ಪಳಗಿದ ಸುಳ್ಳುಗಾರ ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಬಲ್ಲ. ನಾಚಿಕೆ ಸ್ವಭಾವದವರು, ಆಟಿಸಂ ಇರುವವರು, ಯೋಚಿಸಿ ಉತ್ತರ ಕೊಡುವವರು ಬೇರೆ ಕಡೆ ನೋಡುತ್ತಾರೆ. ಕೈಕಟ್ಟುವುದೂ ಅಷ್ಟೇ. ಎಸಿ ಜಾಸ್ತಿ ಇರಬಹುದು, ಕುರ್ಚಿಗೆ ಕೈಯೇ ಇಲ್ಲದಿರಬಹುದು.

ನಿಮ್ಮ ಗೆಳತಿ ಮೊದಲು ಹೀಗಿರಲಿಲ್ಲ ಅಂದಿರಲ್ಲ, ಗಮನಿಸಬೇಕಾದ್ದು ಅದನ್ನು. ಎಲ್ಲರ ಜೊತೆಗೂ ಹಾಗೇ ಇದ್ದಾರೋ, ನಿಮ್ಮ ಎದುರು ಮಾತ್ರವೋ? ಯಾವುದಾದರೂ ಒಂದು ವಿಷಯ ಬಂದಾಗಲೋ? ಎಲ್ಲರ ಜೊತೆಗೂ ಹಾಗೇ ಇದ್ದರೆ ಅದು ನಿಮಗೆ ಸಂಬಂಧಿಸಿದ್ದೇ ಆಗಿರಲಿಕ್ಕಿಲ್ಲ. ಆಮೇಲೆ ಕೇಳಿಬಿಡಿ. ‘ಯಾಕೆ ಕಣ್ಣು ತಪ್ಪಿಸ್ತೀಯ?’ ಎಂದರೆ ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆ. ‘ಈಚೆಗೆ ಯಾಕೋ ಸಪ್ಪಗಿದ್ದೀಯ, ಹುಷಾರಾಗಿದ್ದೀಯ ತಾನೇ?’ ಎಂದರೆ ಸಾಕು. ಎದುರಿಗೆ ಕೂರಿಸಿಕೊಂಡು ಬೇಡ, ಜೊತೆಯಲ್ಲಿ ನಡೆಯುವಾಗ ಕೇಳಿ. ಮುಖ ನೋಡುವ ಕಷ್ಟ ಆಗ ಇಬ್ಬರಿಗೂ ಇರುವುದಿಲ್ಲ.

ಇಂಟರ್‌ವ್ಯೂಗೆ ಮೊದಲು ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಂತರೆ ಧೈರ್ಯ ಬರುತ್ತದೆಯೇ ಎಂದೂ ಕೇಳಿದ್ದೀರಿ. 2010ರ ಒಂದು ಅಧ್ಯಯನ, ಹಾಗೆ ಮೈಹರಡಿ ನಿಂತರೆ ಹಾರ್ಮೋನ್‌ಗಳೇ ಬದಲಾಗುತ್ತವೆ ಎಂದಿತ್ತು. ಆಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅದು ಕಾಣಲಿಲ್ಲ. ಆ ಪರಿಣಾಮ ನಿಜವೆಂದು ತನಗೆ ನಂಬಿಕೆಯಿಲ್ಲ ಎಂದು ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ 2016ರಲ್ಲಿ ಬರೆದರು. ನಿಂತರೆ ನಷ್ಟವೇನಿಲ್ಲ. ಆದರೆ ಆ ಹೊತ್ತಿನಲ್ಲಿ ನಿಮ್ಮದೇ ಬಯೋಡೇಟಾ ಇನ್ನೊಮ್ಮೆ ಓದಿಕೊಂಡರೆ ಜಾಸ್ತಿ ಲಾಭ.

— ಸಂ.