ಗಂಜಿ ಬಿಟ್ಟವರ ಉಪ್ಪಿನ ಲೆಕ್ಕ

ಪ್ರಶ್ನೆ: ಅಕ್ಕಿ, ಗೋಧಿ, ಬೇಳೆ, ಸಕ್ಕರೆ, ಪ್ಯಾಕೆಟ್ ತಿಂಡಿ ಎಲ್ಲ ಬಿಟ್ಟು ಪ್ರೈಮಲ್ ಡಯಟ್ ಶುರು ಮಾಡಿ ಹತ್ತು ದಿನವಾಯಿತು. ಮೀನು, ಮೊಟ್ಟೆ, ಕೋಳಿ, ತರಕಾರಿ, ತೆಂಗಿನಕಾಯಿ ಇಷ್ಟೇ ಊಟ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಉಪ್ಪಿನಕಾಯಿ ಭರಣಿಯತ್ತಲೇ ಕೈ ಹೋಗುತ್ತದೆ. ಎಳನೀರು ಕುಡಿದರೂ ಸರಿಯಾಗುವುದಿಲ್ಲ. ಇದು ಬಾಯಿಚಪಲವೋ, ಶರೀರವೇ ಕೇಳುವುದೋ? ವಯಸ್ಸು 38, ಬಿಪಿ ಇಲ್ಲ.
– ಓದುಗರು, ಬದಿಯಡ್ಕ

ಉತ್ತರ: ಹತ್ತನೇ ದಿನಕ್ಕಾದರೆ ಶರೀರವೇ ಕೇಳುತ್ತಿರುವ ಸಾಧ್ಯತೆ ಹೆಚ್ಚು. ಊಟದಲ್ಲಿ ಪಿಷ್ಟ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ. ಸೋಡಿಯಂ ಹೊರಹೋಗದಂತೆ ತಡೆಯಲು ಮೂತ್ರಪಿಂಡಕ್ಕೆ ಸಿಗುವ ಸೂಚನೆಗಳಲ್ಲಿ ಇನ್ಸುಲಿನ್ ಕೂಡ ಒಂದು. ಅದು ತಗ್ಗಿದಾಗ ಸೋಡಿಯಂ ಮೂತ್ರದಲ್ಲಿ ಹೋಗುತ್ತದೆ, ಬೆನ್ನಿಗೇ ನೀರೂ ಹೋಗುತ್ತದೆ. ಮೊದಲ ವಾರ ತೂಕ ಸರ್ರನೆ ಇಳಿಯುವುದು ಹೆಚ್ಚಾಗಿ ಈ ನೀರಿನಿಂದಲೇ, ಕೊಬ್ಬು ಕರಗಿ ಅಲ್ಲ.

ಒಳಗೆ ಬರುತ್ತಿದ್ದ ಉಪ್ಪೂ ಅದೇ ದಿನ ನಿಂತಿದೆ ಎಂಬುದನ್ನು ಮರೆಯಬೇಡಿ. ಗಂಜಿಗೆ ಹಾಕುವ ಉಪ್ಪು, ಹಪ್ಪಳ, ಬ್ರೆಡ್, ಬಿಸ್ಕೆಟ್, ಮಿಕ್ಸ್ಚರ್ ಎಲ್ಲ ಹೋಯಿತು. ಈಗಿನ ಊಟದಲ್ಲಿ ತಾನಾಗಿ ಇರುವ ಸೋಡಿಯಂ ಅಲ್ಪ: ಉಪ್ಪು ಹಾಕದ ಕೋಳಿ ಅಥವಾ ಸಮುದ್ರದ ಮೀನು 100 ಗ್ರಾಂಗೆ ಸುಮಾರು 60ರಿಂದ 100 ಮಿಲಿಗ್ರಾಂ, ಒಂದು ಮೊಟ್ಟೆಯಲ್ಲಿ 70ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ. ಮಟ್ಟಸ ಮಾಡಿದ ಒಂದು ಟೀ ಚಮಚ ಪುಡಿಉಪ್ಪು 6 ಗ್ರಾಂ ತೂಗುತ್ತದೆ.

ಎರಡು ವಾರ ಹೀಗೆ ಮಾಡಿ. ಅಡುಗೆಗೆ ನಿಮ್ಮ ಪಾಲಿನ ಉಪ್ಪು ದಿನಕ್ಕೆ ಮೂರೂವರೆ ಗ್ರಾಂ. ಅದರ ಮೇಲೆ, ತಲೆನೋವು ಶುರುವಾಗುವ ಒಂದು ಗಂಟೆ ಮೊದಲು, ಒಂದು ದೊಡ್ಡ ಲೋಟ ಬಿಸಿ ಮೂಳೆಸೂಪಿಗೆ ಕಾಲು ಟೀ ಚಮಚ, ಅಂದರೆ ಒಂದೂವರೆ ಗ್ರಾಂ ಉಪ್ಪು. ಆಹಾರದಲ್ಲಿ ಸಹಜವಾಗಿರುವುದೂ ಸೇರಿದರೆ ಇದು ಮಿತಿಗಿಂತ ತುಸು ಮೇಲಾಗುತ್ತದೆ. ಬಿಪಿ, ಮೂತ್ರಪಿಂಡ, ಹೃದಯದ ತೊಂದರೆ ಇಲ್ಲದವರು ಇಷ್ಟು ಕಡಿಮೆ ಅವಧಿಗೆ ಹೆದರಬೇಕಿಲ್ಲ. ಸೂಪು ಕುಡಿದ ಮೇಲೆ ತಲೆನೋವು ಬರದಿದ್ದರೆ ಉಪ್ಪಿನ ಕೊರತೆಯೇ ಕಾರಣವಿರಬಹುದು. ಆದರೂ ಬಂದರೆ ಉಪ್ಪು ಏರಿಸುತ್ತ ಹೋಗಬೇಡಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರ ಬಳಿ ಹೋಗಿ. ಉಪ್ಪಿನಾಸೆ ತಿಂಗಳುಗಟ್ಟಲೆ ಬಿಡದೆ, ಜೊತೆಗೆ ತೂಕ ಇಳಿಯುತ್ತ ಚರ್ಮ ಕಪ್ಪಾಗುತ್ತಿದ್ದರೂ ಅಷ್ಟೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಾಗ ಹೀಗಾಗುತ್ತದೆ.

ಎಳನೀರಿನಲ್ಲಿ ಧಾರಾಳವಾಗಿರುವುದು ಪೊಟ್ಯಾಸಿಯಂ, ಸೋಡಿಯಂ ಕಡಿಮೆ. ಅದಕ್ಕೇ ನಿಮಗೆ ಗುಣ ಕಂಡಿಲ್ಲ.

ಪ್ರಶ್ನೆ: ಒಣಮೀನು, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ), ಉಪ್ಪುನೀರಿನ ಮಾವಿನಕಾಯಿ ಎಲ್ಲ ಈ ಡಯಟ್‌ಗೆ ಒಗ್ಗುವ ವಸ್ತುಗಳೇ ಅಲ್ಲವೇ? ಹಾಗಾದರೆ ಬೇಕಾದಷ್ಟು ತಿನ್ನಬಹುದೇ? ಇಂದುಪ್ಪು (ಸೈಂಧವ ಲವಣ) ಬಳಸಿದರೆ ಸೋಡಿಯಂ ಕಡಿಮೆಯಂತೆ, ಹೌದೇ?
– ಓದುಗರು, ಕುಂಬಳೆ

ಉತ್ತರ: ಒಗ್ಗುತ್ತದೆ, ಆದರೆ ಬೇಕಾದಷ್ಟು ಅಲ್ಲ. ನಮ್ಮ ಕಡೆ ಒಣಮೀನು ಊಟವಲ್ಲ, ನಂಜಿಕೊಳ್ಳುವ ವಸ್ತು. ಉಪ್ಪಿಲ್ಲದ ಒಂದು ಬಟ್ಟಲು ಗಂಜಿಗೆ ಸುಟ್ಟ ಒಣಮೀನಿನ ಚೂರು ಸಾಕಾಗುತ್ತಿತ್ತು. ಗಂಜಿ ತೆಗೆದುಹಾಕಿ ಒಣಮೀನನ್ನು ಮಾತ್ರ ಉಳಿಸಿಕೊಂಡವರು ಅದನ್ನೇ ತಟ್ಟೆ ತುಂಬ ಬಡಿಸಿಕೊಳ್ಳುತ್ತಾರೆ, ಎಡವಟ್ಟು ಅಲ್ಲೇ. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ತೂಕದ ಹತ್ತನೇ ಒಂದು ಪಾಲು ಉಪ್ಪೇ ಇದ್ದರೂ 25 ಗ್ರಾಂ ತಿಂದರೆ ಎರಡೂವರೆ ಗ್ರಾಂ ಉಪ್ಪಾಯಿತು, ದಿನದ ಅರ್ಧ ಪಾಲು. ಹಲವು ಮೀನುಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ತಲೆ ತೆಗೆದು, ತುಂಡು ಮಾಡಿ, ಅರ್ಧರ್ಧ ಗಂಟೆಯಂತೆ ಎರಡು ನೀರಿನಲ್ಲಿ ನೆನೆಸಿ ಹಿಂಡಿ. ಇಡೀ ಮೀನು ನೆನೆಸಿದರೆ ಹೊರಗಿನ ಉಪ್ಪಷ್ಟೇ ಬಿಡುತ್ತದೆ. ಆಮೇಲೆ ಹುರಿದು ತೆಂಗಿನತುರಿ, ಗಾಂಧಾರಿ ಮೆಣಸು, ಚೂರು ಬಿಂಬುಳಿ ಸೇರಿಸಿ ಚಟ್ನಿ ಮಾಡಿ. ಚಟ್ನಿಗೆ ಬೇರೆ ಉಪ್ಪು ಬೇಡ.

ಉಪ್ಪುಸೊಳೆಯನ್ನು ರಾತ್ರಿಯೇ ಧಾರಾಳ ನೀರಿನಲ್ಲಿ ಹಾಕಿಡಿ, ಮಲಗುವ ಮೊದಲು ಒಮ್ಮೆ ನೀರು ಬದಲಿಸಿ, ಬೆಳಗ್ಗೆ ಹಿಂಡಿ. ಒಂದು ಚೂರು ಹಸಿಯಾಗಿ ಜಗಿದು ನೋಡಿ; ಉಪ್ಪು ನಾಲಗೆಗೆ ಎದ್ದು ಕಂಡರೆ ಇನ್ನೊಂದು ನೀರು. ಪಲ್ಯಕ್ಕೆ ಉಪ್ಪು ಹಾಕುವ ಮಾತೇ ಇಲ್ಲ.

ಇಂದುಪ್ಪೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅದರಲ್ಲಿರುವ ಇತರ ಖನಿಜಗಳು ಲೆಕ್ಕಕ್ಕೆ ಬರುವಷ್ಟಿಲ್ಲ. ಅಯೋಡಿನ್ ಸೇರಿಸದ್ದಾದರೆ ಆ ಲಾಭವೂ ಹೋಯಿತು. ಸಮುದ್ರದ ಮೀನು ತಿನ್ನದ ಮನೆಗಳಲ್ಲಿ ಅಯೋಡಿನ್ ಉಪ್ಪನ್ನೇ ಉಳಿಸಿಕೊಳ್ಳಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ಏಪ್ರಿಲ್–ಮೇ ಬಿಸಿಲಿಗೆ ಕೆಲಸ. ಇದೇ ಡಯಟ್‌ನಲ್ಲಿದ್ದೇನೆ. ಸಂಜೆ ಮೀನಖಂಡ ಹಿಡಿದುಕೊಳ್ಳುತ್ತದೆ. ನೀರು ಬೇಕಾದಷ್ಟು ಕುಡಿಯುತ್ತೇನೆ.
– ಓದುಗರು, ಮುಳ್ಳೇರಿಯ

ಉತ್ತರ: ಬರೀ ನೀರು ಜಾಸ್ತಿ ಕುಡಿದರೆ ರಕ್ತದ ಸೋಡಿಯಂ ಇನ್ನಷ್ಟು ತೆಳುವಾಗಬಹುದು. ಬೆವರಿನಲ್ಲಿ ಹೋಗುವ ಸೋಡಿಯಂ ಜನರಿಂದ ಜನಕ್ಕೆ ಬಹಳ ವ್ಯತ್ಯಾಸ; ಲೀಟರಿಗೆ ಒಂದು ಗ್ರಾಂ ಎಂದು ಅಂದಾಜಿಗೆ ಹಿಡಿಯಬಹುದು. ಅಂಗಿ ಒಣಗಿದಾಗ ಬಿಳಿ ಗೆರೆ ಮೂಡುವವರಿಗೆ ನಷ್ಟ ಹೆಚ್ಚು. ಕೆಲಸದ ಮೊದಲು ಮತ್ತು ನಂತರ ತೂಕ ನೋಡಿ: ಇಳಿದ ತೂಕ (ಒಂದು ಕಿಲೋಗೆ ಒಂದು ಲೀಟರ್‌ನಂತೆ), ನಡುವೆ ಕುಡಿದ ನೀರು, ಎರಡನ್ನೂ ಕೂಡಿಸಿದರೆ ಬೆವರಿನ ಅಳತೆ. ಹತ್ತೂವರೆಯ ಹೊತ್ತಿಗೆ ನೀರುಮಜ್ಜಿಗೆ ಒಂದು ದೊಡ್ಡ ಲೋಟ, ಕಾಲು ಟೀ ಚಮಚ ಉಪ್ಪು ಹಾಕಿ. ಊಟಕ್ಕೆ ಮೊದಲು ಇನ್ನೊಂದು. ಹಾಲಿನ ಪದಾರ್ಥ ಬೇಡದವರು ಪುನರ್ಪುಳಿ ನೀರಿಗೆ ಅಷ್ಟೇ ಉಪ್ಪು ಹಾಕಲಿ, ಸಕ್ಕರೆ ಬಿಟ್ಟು. ಬಿಸಿಲಿನ ಕೆಲಸವಿಲ್ಲದ ದಿನ ಇದು ಬೇಡ.

ಪ್ರಶ್ನೆ: ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ನುಂಗುತ್ತೇನೆ. ಅಂಗಡಿಯ ಲೋ ಸೋಡಿಯಂ ಉಪ್ಪು ಬಳಸಲೇ?
– ಓದುಗರು, ಉಪ್ಪಳ

ಉತ್ತರ: ವೈದ್ಯರನ್ನು ಕೇಳದೆ ಬೇಡ. ಅದರಲ್ಲಿ ಒಂದಷ್ಟು ಭಾಗ ಪೊಟ್ಯಾಸಿಯಂ ಕ್ಲೋರೈಡ್. ನಿಮ್ಮ ಮಾತ್ರೆ ಪೊಟ್ಯಾಸಿಯಮ್ಮನ್ನು ಶರೀರದಲ್ಲೇ ಉಳಿಸುವ ಜಾತಿಯದು. ಮೂತ್ರಪಿಂಡ ದುರ್ಬಲವಿದ್ದರೆ ಎರಡೂ ಸೇರಿ ಹೃದಯದ ಬಡಿತವೇ ತಪ್ಪಬಹುದು. ಮೇಲೆ ಬರೆದ ಉಪ್ಪಿನ ಸೂಪೂ ನಿಮಗಲ್ಲ. ಪಿಷ್ಟ ಬಿಟ್ಟಾಗ ಬಿಪಿ ತಾನಾಗಿ ಇಳಿಯುವುದುಂಟು. ಮಾತ್ರೆಯ ಪ್ರಮಾಣ ಬದಲಿಸಬೇಕೋ ಎಂದು ಅದೇ ಭೇಟಿಯಲ್ಲಿ ಕೇಳಿ.

ಪ್ರಶ್ನೆ: ಕಲ್ಲುಪ್ಪು ಬಳಸುವ ಮನೆ. ಗ್ರಾಂ ಲೆಕ್ಕ ಹಿಡಿಯುವುದು ಹೇಗೆ?
– ಓದುಗರು, ಮಂಜೇಶ್ವರ

ಉತ್ತರ: ಕರಗಿಸಿಡಿ. 100 ಗ್ರಾಂ ಕಲ್ಲುಪ್ಪು ತೂಗಿ ಬಾಟಲಿಗೆ ಹಾಕಿ, ಒಟ್ಟು ಅರ್ಧ ಲೀಟರ್ ಆಗುವಷ್ಟು ಕುದಿಸಿ ಆರಿಸಿದ ನೀರು ತುಂಬಿ. ಅರ್ಧ ಲೀಟರ್ ನೀರಿಗೆ ಉಪ್ಪು ಹಾಕಿದರೆ ಅಳತೆ ತಪ್ಪುತ್ತದೆ. ಈ ನೀರಿನ 5 ಮಿಲಿಲೀಟರ್ ಚಮಚಕ್ಕೆ ಒಂದು ಗ್ರಾಂ ಉಪ್ಪು. ಸಾರಿಗೆ ಎಂಟು ಚಮಚ ಹಾಕಿ ನಾಲ್ವರು ಸಮನಾಗಿ ಉಂಡರೆ ತಲೆಗೆ ಎರಡು ಗ್ರಾಂ. ಒಲೆ ಆರಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದ ಸಾರು ಬತ್ತಿದಷ್ಟೂ ಉಪ್ಪಾಗುತ್ತದೆ.