ಬಾಸ್ ಮನೆಯ ಪಾರ್ಟಿಗೆ ಏನು ಹಾಕ್ಕೊಳ್ಳಲಿ? ಗೊತ್ತಿದ್ದವರು ಬಾಯಿ ಬಿಡದಿದ್ದಾಗ

ದಂಪತಿಗಳು ಆಪ್ತಸಲಹೆಗೆ ತರುವ ಜಗಳಗಳಲ್ಲಿ ಕೆಲವು ಕೇಳುವವರಿಗೆ ತೀರಾ ಚಿಲ್ಲರೆ ಅನ್ನಿಸುತ್ತವೆ. ಸಂಗಾತಿಯ ಆಫೀಸಿನವರ ಮನೆಯಲ್ಲಿ ನಡೆಯುವ ಪಾರ್ಟಿಗೆ ಏನು ಹಾಕಿಕೊಂಡು ಹೋಗಬೇಕು ಎಂಬುದು ಅಂಥದ್ದೊಂದು. ಮೇಲಿಂದ ಮೇಲೆ ಬರುತ್ತದೆ. ಬಂದಾಗಲೆಲ್ಲ ‘ಇದೇನು ದೊಡ್ಡ ವಿಷಯ ಅಲ್ಲ, ಆದ್ರೂ…’ ಎಂಬ ಪೀಠಿಕೆ ಇದ್ದೇ ಇರುತ್ತದೆ. ಇಲ್ಲಿ ಹೇಳುವ ಪ್ರಕರಣದಲ್ಲಿ ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮದುವೆಯಾಗಿ ಕೆಲವು ವರ್ಷಗಳಾಗಿದ್ದ ಜೋಡಿ. ಪತಿಗೆ ಬಡ್ತಿ ಸಿಕ್ಕಿ, ಅದರ ಹಿಂದೆಯೇ ಮೇಲಿನವರ ಮನೆಗಳಿಗೆ ಜೋಡಿಯಾಗಿ ಬನ್ನಿ ಎಂಬ ಕರೆಗಳು ಶುರುವಾಗಿದ್ದವು. ಮೊದಲ ಸಲ ಆಕೆ ಜರಿ ಸೀರೆ ಉಟ್ಟು ಒಡವೆ ಹಾಕಿಕೊಂಡು ಹೋದರು. ಉಳಿದವರೆಲ್ಲ ಹತ್ತಿಯ ಕುರ್ತಾ, ಜೀನ್ಸ್‌ನಲ್ಲಿ ಆರಾಮವಾಗಿದ್ದರು. ‘ಇಲ್ಲಿಂದ ಇನ್ಯಾವುದಾದ್ರೂ ಫಂಕ್ಷನ್‌ಗೆ ಹೋಗ್ಬೇಕಾ?’ ಎಂದು ಮನೆಯಾಕೆ ಕೇಳಿದರಂತೆ. ಕೇಳಿದ್ದರಲ್ಲಿ ಕುಹಕ ಇತ್ತೋ ಇಲ್ಲವೋ, ಆ ಸಂಜೆಯ ಉಳಿದ ಹೊತ್ತನ್ನೆಲ್ಲ ಆಕೆ ಗೋಡೆಗೆ ಒರಗಿ, ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ಕಳೆದರು. ಎರಡನೇ ಸಲ ಮುನ್ನೆಚ್ಚರಿಕೆಯಿಂದ ತೀರಾ ಸಾದಾ ಬಟ್ಟೆಯಲ್ಲಿ ಹೋದರೆ, ಅದು ಎಲ್ಲರೂ ಅಲಂಕರಿಸಿಕೊಂಡು ಬಂದಿದ್ದ ಪಾರ್ಟಿ. ಅದಾದ ಮೇಲೆ ಕರೆ ಬಂದಾಗಲೆಲ್ಲ ಆಕೆಗೆ ತಲೆನೋವು. ‘ನನ್ನ ಆಫೀಸಿನವರನ್ನ ಕಂಡರೆ ಇವಳಿಗೆ ಆಗಲ್ಲ’ ಎಂಬುದು ಪತಿಯ ತೀರ್ಮಾನ. ‘ನನ್ನನ್ನ ಕರ್ಕೊಂಡು ಹೋಗೋಕೆ ಇವರಿಗೆ ಮುಜುಗರ’ ಎಂಬುದು ಆಕೆಯದು. ಮತ್ತೊಂದು ಕರೆ ಬಂದು, ಇನ್ನೆರಡು ವಾರ ಇರುವಾಗ ಇಬ್ಬರೂ ನನ್ನೆದುರು ಕುಳಿತಿದ್ದರು.

ಎರಡನೇ ಭೇಟಿಯಲ್ಲಿ ಆಕೆ, ‘ಏನು ಹಾಕ್ಕೊಳ್ಳಲಿ ಅಂತ ಕೇಳಿದ್ರೆ ಏನಾದ್ರೂ ಹಾಕ್ಕೋ ಅಂತಾರೆ. ಪ್ರತಿ ಸಲವೂ ಅಷ್ಟೇ’ ಎಂದರು. ‘ಇವಳು ಏನು ಹಾಕಿದ್ರೂ ಚೆನ್ನಾಗೇ ಕಾಣ್ತಾಳೆ. ಅದಕ್ಕೇ ಹಾಗಂದೆ’ ಎಂದರು ಪತಿ. ಸುಳ್ಳು ಹೇಳುತ್ತಿರಲಿಲ್ಲ. ನಾನು ಅವರನ್ನೇ ಕೇಳಿದೆ: ‘ಸರಿ, ಈ ಸಲ ನೀವೇನು ಹಾಕ್ಕೊಂಡು ಹೋಗ್ತೀರಿ?’

ಒಂದು ಕ್ಷಣವೂ ಯೋಚಿಸದೆ ಅವರು ಹೇಳಿದ್ದು ಹೀಗಿತ್ತು: ‘ತಿಳಿನೀಲಿ ಶರ್ಟು, ಬೂದು ಪ್ಯಾಂಟು. ಇನ್‌ಶರ್ಟ್ ಮಾಡ್ತೀನಿ, ಟೈ ಬೇಡ, ನಮ್ಮ ಬಾಸ್ ಟೈ ಕಟ್ಟಲ್ಲ. ಬ್ಲೇಜರ್ ಕಾರಲ್ಲಿ ಇಟ್ಕೊಂಡಿರ್ತೀನಿ. ಅವರ ಮನೇಲಿ ಶೂ ಬಾಗಿಲಲ್ಲೇ ಬಿಡಬೇಕು, ಹಂಗಾಗಿ ಲೇಸ್ ಇಲ್ಲದ್ದು. ಸಾಕ್ಸ್ ಹೊಸದು. ಸೋಫಾ ಕಮ್ಮಿ, ಬಹಳ ಹೊತ್ತು ನಿಂತೇ ಇರ್ತೀವಿ.’

ಆಕೆ ಗಂಡನ ಕಡೆ ತಿರುಗಿ ಕೇಳಿದರು: ‘ಇಷ್ಟೆಲ್ಲ ಗೊತ್ತಿತ್ತಾ ನಿಮಗೆ?’

ಪತಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದೆಲ್ಲ ಹೇಳುವಂಥ ವಿಷಯ ಎಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ. ಬಾಸ್ ಟೈ ಕಟ್ಟುತ್ತಾರೋ ಇಲ್ಲವೋ, ಯಾರು ಯಾರ ಪಕ್ಕ ಕೂರುತ್ತಾರೆ, ಎಷ್ಟು ಹೊತ್ತಿಗೆ ಎದ್ದರೆ ಯಾರಿಗೂ ಬೇಸರವಾಗುವುದಿಲ್ಲ ಎಂಬುದೆಲ್ಲ ದಿನವೂ ಆಫೀಸಿಗೆ ಹೋಗುವವರಿಗೆ ತಾನಾಗಿ ತಿಳಿದಿರುತ್ತದೆ. ಉಸಿರಾಡಿದಷ್ಟು ಸಹಜವಾಗಿ ತಿಳಿದದ್ದನ್ನು ಯಾರೂ ಮಾಹಿತಿ ಎಂದು ಎಣಿಸುವುದಿಲ್ಲ. ಆಕೆ ಮಾತ್ರ ಆ ಲೋಕವನ್ನು ವರ್ಷಕ್ಕೆ ಒಂದೆರಡು ಸಲ, ಅದೂ ಎಲ್ಲರ ಕಣ್ಣೆದುರು, ಊಹಿಸಿಕೊಂಡು ಪ್ರವೇಶಿಸಬೇಕಿತ್ತು. ಊಹೆ ತಪ್ಪಿದಾಗ ತನ್ನ ಅಭಿರುಚಿಯೇ ಸರಿಯಿಲ್ಲ ಎಂದುಕೊಂಡಿದ್ದರು. ಅಭಿರುಚಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆಕೆಗೆ ವಿವರ ಸಿಕ್ಕಿರಲಿಲ್ಲ, ಅಷ್ಟೇ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಆ ಪಾರ್ಟಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯಿರಿ ಎಂದೆ. ಪತಿಯ ಹಾಳೆ ಎರಡೂ ಬದಿ ತುಂಬಿತು. ಆಕೆಯದರಲ್ಲಿ ತಾರೀಕು, ವಿಳಾಸ, ಆಮೇಲೆ ಬರೀ ಪ್ರಶ್ನೆಗಳು. ಆ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಆ ವಾರ ಪತಿಯ ಮನೆಗೆಲಸವಾಯಿತು.

ಈ ಹಂತದಲ್ಲಿ ಬಟ್ಟೆಯ ವಿಷಯ ಬದಿಗಿಟ್ಟು ಆತ್ಮವಿಶ್ವಾಸದ ಬಗ್ಗೆ ಮಾತಾಡಬೇಕಿತ್ತು ಎನ್ನುವವರಿದ್ದಾರೆ. ‘ನಿಮಗೆ ಇಷ್ಟವಾದದ್ದನ್ನು ಧರಿಸಿ, ಜನ ಏನಾದರೂ ಅಂದುಕೊಳ್ಳಲಿ’ ಎನ್ನುವುದು ಸುಲಭ. ಆದರೆ ಅದು ‘ಏನಾದ್ರೂ ಹಾಕ್ಕೋ’ ಎಂಬ ಮಾತಿನ ಪದವಿ ಪಡೆದ ರೂಪ. ವ್ಯಾವಹಾರಿಕ ಪ್ರಶ್ನೆ ಕೇಳಿದವರಿಗೆ ಮೊದಲು ವ್ಯಾವಹಾರಿಕ ಉತ್ತರ ಸಿಗಬೇಕು. ಅದು ಸಿಕ್ಕ ಮೇಲೂ ಉಳಿಯುವ ಆತಂಕವೇ ನಿಜವಾದ ಆತಂಕ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕದ ಬಗ್ಗೆ ಮಂಡಿಸಿದ ಮಾದರಿಯಲ್ಲಿ ಒಂದು ಮುಖ್ಯ ಅಂಶವಿದೆ: ಇಂಥ ಆತಂಕದಲ್ಲಿ ಗಮನವೆಲ್ಲ ಎದುರಿಗಿರುವವರಿಂದ ಕಳಚಿ ತನ್ನ ಮೇಲೇ ನೆಡುತ್ತದೆ. ಜೊತೆಗೆ, ಬಚಾವಾಗಲೆಂದು ಮಾಡುವ ಸಣ್ಣಪುಟ್ಟ ಚೇಷ್ಟೆಗಳೇ ಆತಂಕವನ್ನು ಉಳಿಸಿಕೊಳ್ಳುತ್ತವೆ. ಸೆರಗು ಎಳೆದುಕೊಳ್ಳುವುದು, ಮೂಲೆ ಹಿಡಿಯುವುದು, ಫೋನಿನಲ್ಲಿ ತಲೆ ಹುದುಗಿಸುವುದು, ಎಲ್ಲ ಆ ಜಾತಿಯವೇ. ಹೀಗಾಗಿ ಕೈ ಹಾಕಿ ಸರಿಪಡಿಸುತ್ತಲೇ ಇರಬೇಕಾದ ಉಡುಪು ಎಷ್ಟೇ ಚಂದವಿದ್ದರೂ ಇಂಥ ಸಂಜೆಗೆ ಕೆಟ್ಟ ಆಯ್ಕೆ.

ನಾನು ಕೊಟ್ಟ ಸಲಹೆಯನ್ನು ತುಸು ವಿವರವಾಗಿಯೇ ಬರೆಯುತ್ತೇನೆ, ಇದೇ ಗೊಂದಲ ಇರುವವರಿಗೆ ಬೇಕಾಗುವುದು ಅದೇ.

ಮಾಹಿತಿ ತರುವ ಕೆಲಸ ಆ ಆಫೀಸಿನಲ್ಲಿರುವವರದು. ಕರೆದವರು ಬಾಸೋ, ಸಹೋದ್ಯೋಗಿಯೋ, ಮಧ್ಯಾಹ್ನವೋ ರಾತ್ರಿಯೋ, ಎಷ್ಟು ಜನ, ಕೂರುವುದೋ ನಿಲ್ಲುವುದೋ, ಮಕ್ಕಳು ಬರುತ್ತಾರೋ, ಚಪ್ಪಲಿ ಎಲ್ಲಿ ಬಿಡಬೇಕು. ಹಿಂದಿನ ಪಾರ್ಟಿಯ ಫೋಟೋಗಳು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಇರುತ್ತವೆ. ಅವುಗಳಲ್ಲಿ ಎಲ್ಲರಿಗಿಂತ ಮಿಂಚುವವರನ್ನು ನೋಡಬೇಡಿ. ಆತಿಥ್ಯ ಕೊಟ್ಟ ದಂಪತಿಯನ್ನೂ ನಿಮ್ಮ ಸಂಗಾತಿಯ ಸಮಾನ ಹುದ್ದೆಯವರ ಜೊತೆ ಬಂದವರನ್ನೂ ನೋಡಿ. ನಿಮ್ಮ ಅಳತೆಗೋಲು ಅವರೇ. ಫೋಟೋ ಇಲ್ಲದಿದ್ದರೆ ಒಂದು ಸಾಲಿನ ಮೆಸೇಜ್ ಸಾಕು: ‘ನಾವಿಬ್ಬರೂ ಏನು ಹಾಕ್ಕೊಂಡು ಬರೋದು ಅಂತ ನೋಡ್ತಿದ್ವಿ, ಕ್ಯಾಶುವಲ್ ತಾನೆ?’ ‘ನನ್ನ ಹೆಂಡತಿ ಕೇಳ್ತಿದ್ದಾಳೆ’ ಎಂದು ಬರೆಯಬೇಡಿ ಎಂದು ಪತಿಗೆ ಒತ್ತಿ ಹೇಳಿದೆ. ಹೋಗುವುದಕ್ಕೆ ಮೊದಲೇ ಆಕೆಯನ್ನು ಚಿಂತೆಯ ಗಂಟು ಮಾಡಿ ಪರಿಚಯಿಸಿದ ಹಾಗಾಗುತ್ತದೆ.

ಅಂದಾಜು ಸಿಕ್ಕಿತು ಎಂದುಕೊಳ್ಳೋಣ. ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿರಲಿ, ಆದರೆ ಆ ಅರ್ಧ ಮೆಟ್ಟಿಲು ಕಳಚಿಡಬಹುದಾದ ವಸ್ತುವಿನಲ್ಲಿರಲಿ: ಸರ, ಜಾಕೆಟ್, ಶಾಲು, ಬ್ಲೇಜರ್. ಒಳಗೆ ಕಾಲಿಟ್ಟಾಗ ಎಲ್ಲರೂ ಸಾದಾ ಇದ್ದರೆ ತೆಗೆದು ಬ್ಯಾಗಿಗೆ ಹಾಕಿದರಾಯಿತು. ಬಟ್ಟೆಯೇ ಜರಿಯದಾಗಿದ್ದರೆ ಇಳಿಸಲು ಏನೂ ಇರುವುದಿಲ್ಲ. ತೀರಾ ಸಾದಾ ಆಗಿದ್ದರೆ ಏರಿಸಲು ಏನೂ ಇರುವುದಿಲ್ಲ. ಆಕೆಯ ಎರಡೂ ಸಂಜೆಗಳು ಕೆಟ್ಟಿದ್ದು ಹೀಗೆಯೇ.

ಇನ್ನು ಪರೀಕ್ಷೆ. ಹಿಂದಿನ ದಿನವಲ್ಲ, ಎರಡು ಮೂರು ದಿನ ಮೊದಲೇ ಆ ಬಟ್ಟೆಯನ್ನು ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡಿರಿ. ತಗ್ಗಾದ ಸೋಫಾದಲ್ಲಿ ಕೂತು ಏಳಿ, ಬಿದ್ದದ್ದನ್ನು ಬಗ್ಗಿ ಎತ್ತಿ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲೋಟ ಹಿಡಿದು ಹತ್ತು ಹೆಜ್ಜೆ ನಡೆಯಿರಿ. ದುಪಟ್ಟಾ ಜಾರಿದರೆ, ತೋಳು ತಟ್ಟೆಗೆ ಅದ್ದಿದರೆ ಅಲ್ಲೇ ಗೊತ್ತಾಗುತ್ತದೆ. ಜೋರು ಬೆಳಕಿನಲ್ಲಿ ನಿಂತು ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿಕೊಳ್ಳಿ. ಕನ್ನಡಿಯಲ್ಲಿ ಕಾಣದ ಪಾರದರ್ಶಕತೆ ಅದರಲ್ಲಿ ಕಾಣುತ್ತದೆ. ಬಹಳ ಜನ ಮರೆಯುವುದು ಬರಿಗಾಲಿನ ಪರೀಕ್ಷೆ. ಎತ್ತರದ ಹಿಮ್ಮಡಿಗೆ ಅಳತೆ ಮಾಡಿ ಹೊಲಿಸಿದ ಪ್ಯಾಂಟು ಅಥವಾ ಉದ್ದ ಗೌನು, ಉಟ್ಟ ಸೀರೆ, ಚಪ್ಪಲಿ ಬಿಟ್ಟೊಡನೆ ನೆಲ ಗುಡಿಸಲು ಶುರುಮಾಡುತ್ತದೆ, ತುಳಿದು ಎಡವುವುದೂ ಉಂಟು. ಹೊಸ ಚಪ್ಪಲಿಯನ್ನು ಅವತ್ತೇ ಮೊದಲ ಸಲ ಮೆಟ್ಟಬೇಡಿ. ಸುಗಂಧ ಒಂದೇ ಸಲ ಸಿಂಪಡಿಸಿದರೆ ಸಾಕು, ಬೇರೆಯವರ ಮನೆಯ ಕೋಣೆ ಚಿಕ್ಕದಿರಬಹುದು. ಬ್ಯಾಗಿನಲ್ಲಿ ಎರಡು ಸೇಫ್ಟಿ ಪಿನ್ನು. ತಿಳಿ ಬಣ್ಣಕ್ಕಿಂತ ಪ್ರಿಂಟ್ ಇರುವ ಬಟ್ಟೆಯಲ್ಲಿ ಕಲೆ ಅಡಗುತ್ತದೆ.

ಗಂಡಸರು ಜೊತೆಗಾರರಾಗಿ ಹೋಗುವಾಗ ಎಡವುವುದು ಬೇರೆ ಕಡೆ: ‘ನನ್ನ ಆಫೀಸ್ ಅಲ್ವಲ್ಲ’ ಎಂದು ಬಣ್ಣಗೆಟ್ಟ ಟೀಶರ್ಟಿನಲ್ಲಿ ಹೊರಡುತ್ತಾರೆ.

ಇಬ್ಬರೂ ಒಂದೇ ಬಣ್ಣ ಹಾಕಬೇಕಿಲ್ಲ, ಒಂದೇ ಮೆಟ್ಟಿಲಿನಲ್ಲಿದ್ದರೆ ಸಾಕು. ಒಬ್ಬರು ಸೂಟ್, ಇನ್ನೊಬ್ಬರು ಜೀನ್ಸ್ ಎಂದಾಗಲೇ ನೋಡುವವರ ಕಣ್ಣಿಗೆ ಹೊಡೆಯುವುದು. ಆದ್ದರಿಂದ ಪತಿ ತನ್ನ ಬಟ್ಟೆ ಯಾವುದೆಂದು ಎರಡು ದಿನ ಮೊದಲೇ ಹೇಳಬೇಕು, ಹೇಳಿದ ಮೇಲೆ ಬದಲಿಸಬಾರದು. ‘ಹೇಗಿದೆ?’ ಎಂದು ಆಕೆ ಒಂದೇ ಸಲ ಕೇಳಬೇಕು, ಉತ್ತರದಲ್ಲಿ ಒಂದಾದರೂ ನಿರ್ದಿಷ್ಟ ಮಾತಿರಬೇಕು. ಐದು ನಿಮಿಷದಲ್ಲಿ ಸರಿಪಡಿಸಬಹುದಾದ ದೋಷ ಕಂಡರೆ ಹೊರಡುವ ಮೊದಲು ಹೇಳಿ. ಸರಿಪಡಿಸಲಾಗದ್ದಾದರೆ ಹೇಳಲೇಬೇಡಿ, ಅದರಲ್ಲೂ ದಾರಿಯಲ್ಲಿ.

ಅಷ್ಟಾಗಿಯೂ ಊಹೆ ತಪ್ಪಿದರೆ? ಮನಶ್ಶಾಸ್ತ್ರಜ್ಞ ತಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಆಕೆಗೆ ಹೇಳಿದೆ. ಮುಜುಗರ ತರುವ ಚಿತ್ರವಿದ್ದ ಟೀಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಚಿತ್ರವನ್ನು ಗುರುತಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜಿಸಿದರು. ಗುರುತಿಸಿದವರು ಕಾಲು ಭಾಗದಷ್ಟು. ಆಕೆ ನಕ್ಕು, ‘ಹಂಗಾದ್ರೂ ಕಾಲು ಭಾಗ ನೋಡ್ತಾರಲ್ಲ’ ಎಂದರು. ನಿಜವೇ. ಯಾರೂ ನೋಡುವುದಿಲ್ಲ ಎಂದು ಸಮಾಧಾನ ಹೇಳುವುದು ನನ್ನ ಉದ್ದೇಶವಾಗಿರಲಿಲ್ಲ. ನೀವು ಅಂದುಕೊಂಡದ್ದರ ಅರ್ಧ ಎಂದಷ್ಟೇ.

ಸಂಗಾತಿಯನ್ನು ನೌಕರಿಯ ಪ್ರದರ್ಶನದ ವಸ್ತು ಮಾಡುವುದಕ್ಕೆ ಈ ಸಲಹೆ ನೆರವಾಗುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಗಂಡನ ಒಂದು ಉದ್ಯೋಗಕ್ಕೆ ಹೆಂಡತಿಯೂ ಸೇರಿ ಇಬ್ಬರು ದುಡಿಯುವುದನ್ನು ಸಮಾಜಶಾಸ್ತ್ರಜ್ಞೆ ಹ್ಯಾನಾ ಪಾಪನೆಕ್ 1973ರಷ್ಟು ಹಿಂದೆಯೇ ಬರೆದಿದ್ದರು, ಸಂಬಳ ಗಂಡನೊಬ್ಬನಿಗೆ. ಆದ್ದರಿಂದಲೇ ಆಕೆಯನ್ನು ಮೊದಲು ಕೇಳಿದ್ದು, ‘ನಿಮಗೆ ಹೋಗೋಕೆ ಇಷ್ಟವಿದೆಯಾ?’ ಎಂದು. ಇಲ್ಲ ಎಂದಿದ್ದರೆ ಮಾತು ಬಟ್ಟೆಯವರೆಗೆ ಬರುತ್ತಲೇ ಇರಲಿಲ್ಲ. ಹೋಗಬೇಕು, ಅಲ್ಲಿನವರನ್ನು ತಿಳಿಯಬೇಕು ಎಂದು ಆಕೆಯೇ ಬಯಸಿದ್ದರು. ಇನ್ನೊಂದು ಬಗೆಯ ಮನೆಗಳಿವೆ. ಗಂಡ ಇಂಥದ್ದನ್ನೇ ಹಾಕು ಎನ್ನುತ್ತಾನೆ, ಫೋಟೋ ಕಳಿಸಿ ಒಪ್ಪಿಗೆ ಪಡೆ ಎನ್ನುತ್ತಾನೆ, ಮೈಬಣ್ಣ ಮೈತೂಕದ ಮಾತೆತ್ತುತ್ತಾನೆ. ಅದು ಹಿಡಿತ, ಅಲ್ಲಿ ಉಡುಪಿನ ಸಲಹೆ ಕೊಡುವುದು ಗಾಯಕ್ಕೆ ಬಣ್ಣ ಬಳಿದಂತೆ. ಹಾಗೆಯೇ, ಎಲ್ಲ ವಿವರ ಸಿಕ್ಕ ಮೇಲೂ ಯಾವ ಕೂಟಕ್ಕೂ ಹೋಗಲಾರದ ಭಯ ಆರು ತಿಂಗಳಿಗೂ ಮಿಕ್ಕಿ ಉಳಿದರೆ ಮನೋವೈದ್ಯರನ್ನೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು.

ಈ ದಂಪತಿ ಆ ಪಾರ್ಟಿಗೆ ಹೋಗಿಬಂದರು. ಆಕೆ ಪ್ರಿಂಟ್ ಕುರ್ತಾದ ಮೇಲೆ ತೆಳು ಜಾಕೆಟ್ ಹಾಕಿದ್ದರು, ಅದನ್ನು ತೆಗೆಯುವ ಪ್ರಮೇಯ ಬರಲಿಲ್ಲ. ಆದರೆ ಆತಿಥೇಯರು ಕೊನೇ ಗಳಿಗೆಯಲ್ಲಿ ಕೂಟವನ್ನು ಅಂಗಳಕ್ಕೆ ಸ್ಥಳಾಂತರಿಸಿದ್ದರಿಂದ ಶೂ ಬಿಡುವ ಮಾತೇ ಇರಲಿಲ್ಲ, ಆಕೆಯ ಮೊನಚು ಹಿಮ್ಮಡಿ ಹುಲ್ಲಿನೊಳಗೆ ಇಳಿಯುತ್ತಿತ್ತು. ಮುಂದಿನ ಭೇಟಿಗೆ ಪತಿ ತಮ್ಮ ಹಾಳೆಯನ್ನು ತಂದಿದ್ದರು. ಕೆಳಗೆ ಹೊಸ ಸಾಲು ಸೇರಿತ್ತು: ಒಳಗೋ ಹೊರಗೋ, ನೆಲ ಎಂಥದ್ದು?